ಸಿಂಚುವಿನ ತೋಳಲ್ಲಿ ಸಿಕ್ಕ ನೀರು

ನಮ್ಮ ಕಡೆ ಭೂಮಿಯನ್ನು ಸಾವಿರ ಅಡಿ ಕೊರೆದರೂ ಮೇಲೆ ಬರುವುದು ದೂಳು. ಅಂಥ ಸೀಮೆಯಲ್ಲಿ ಗೇಣುದ್ದದ ಮೂಳೆಯೊಳಗೆ ನೀರು ಸಿಕ್ಕಿತು ಎಂದರೆ ಯಾರು ನಂಬುತ್ತಾರೆ? ಆದರೂ ಸಿಕ್ಕಿತು. ನನ್ನ ಮೊಮ್ಮಗಳು ಸಿಂಚನಾಳ ಬಲತೋಳಿನಲ್ಲಿ.

ನಾನು ಈರಣ್ಣ. ಶಿರಾ ತಾಲ್ಲೂಕು ತಾವರೆಕೆರೆ ಕಡೆಯ ಒಂದು ಊರಿನಲ್ಲಿ ಬಹಳ ವರ್ಷ ನೀರುಗಂಟಿಯಾಗಿದ್ದವನು. ಪಂಚಾಯ್ತಿ ಟ್ಯಾಂಕಿನ ವಾಲ್ವು ನನ್ನ ಕೈಯಲ್ಲಿದ್ದ ಕಾಲದಲ್ಲಿ ಎಂಥೆಂಥ ಗತ್ತಿನವರೂ ದಾರಿಯಲ್ಲಿ ನಿಂತು ನನಗೆ ನಮಸ್ಕಾರ ಹೇಳುತ್ತಿದ್ದರು. ಸಾಲದ್ದಕ್ಕೆ ಇನ್ನೊಂದು ವಿದ್ಯೆಯೂ ಇತ್ತು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುವುದು, ಕಾಯಿ ಎದ್ದು ನಿಂತ ಕಡೆ ನೀರಿದೆ ಎನ್ನುವುದು. ಮಧುಗಿರಿ, ಕೊರಟಗೆರೆ, ಅತ್ತ ಪಾವಗಡದವರೆಗೂ ನನ್ನನ್ನು ಕರೆಸಿಕೊಂಡಿದ್ದಾರೆ. ನೀರು ಬಿದ್ದ ಕಡೆ ಜನ ನನ್ನ ಹೆಸರು ಹೇಳುತ್ತಾರೆ. ಬೀಳದ ಕಡೆ, ಲಾರಿಯವನು ಸರಿಯಾಗಿ ಕೊರೆಯಲಿಲ್ಲ ಎಂದು ನಾನು ಹೇಳುತ್ತೇನೆ. ಇಷ್ಟೆಲ್ಲ ಬಲ್ಲ ನಾನು ಸಿಂಚುವಿನ ಅದೇ ತೋಳನ್ನು ಹಿಡಿದುಕೊಂಡು ಅವಳಿಗೆ ನಡೆಯಲು ಕಲಿಸಿದ್ದೆ. ಒಳಗೆ ನೀರು ಸೇರಿಕೊಂಡದ್ದು ಮಾತ್ರ ಗೊತ್ತಾಗಲೇ ಇಲ್ಲ.

ಇದನ್ನು ಬರೆಯಲು ಕೂತದ್ದಕ್ಕೆ ಕಾರಣ ಕೊರಟಗೆರೆ ಕಡೆಯ ಒಬ್ಬ ಹೆಣ್ಣುಮಗಳು. ಮೊನ್ನೆ ಆಸ್ಪತ್ರೆಯಲ್ಲಿ ನಮ್ಮ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಮಗ, ಕೈಯಲ್ಲಿ ಎಕ್ಸ್‌ರೇ ಕವರು. ಕವರನ್ನು ಎದೆಗೆ ಒತ್ತಿಕೊಂಡಿದ್ದ ರೀತಿಯಲ್ಲೇ ನನಗೆ ತಿಳಿಯಿತು, ಇದು ನಮ್ಮದೇ ಕಾಯಿಲೆ. ಅವಳೊಂದಿಗೆ ಮಾತಾಡುತ್ತ ನಮ್ಮ ಕಥೆಯನ್ನೆಲ್ಲ ಹೇಳಿದೆ. ಕೊನೆಗೆ ಅವಳು, "ಯಾರಾನ ಇದ್ನ ಮೊದ್ಲೇ ಹೇಳಿದ್ರೆ ಒಸಿ ನಿದ್ದೆನಾದ್ರೂ ಮಾಡ್ತಿದ್ದೆ ಕಣಜ್ಜ" ಎಂದಳು. ಹಾಗಾಗಿ ಉಳಿದವರಿಗೂ ಹೇಳಿಬಿಡೋಣ ಎನಿಸಿತು. ವೈದ್ಯಶಾಸ್ತ್ರ ನನ್ನನ್ನು ಕೇಳಬೇಡಿ, ಅದಕ್ಕೆ ಡಾಕ್ಟರುಗಳಿದ್ದಾರೆ. ಉಳಿದದ್ದೆಲ್ಲ ನನಗೆ ಅವರಿಗಿಂತ ಚೆನ್ನಾಗಿ ಗೊತ್ತು.

ಮೊದಲು ನನ್ನ ಸಾವಿನ ವಿಷಯ ಹೇಳಬೇಕು. ಅದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ನಮ್ಮೂರಿನಲ್ಲಿ ಹಲವು ಬಾರಿ ಸತ್ತವನು. ಉಸಿರು ಹಿಡಿದು, ಬಾಯಿ ಸ್ವಲ್ಪ ಓರೆ ಮಾಡಿ, ಜಗುಲಿಯ ಮೇಲೆ ಬಿದ್ದುಕೊಂಡೆನೆಂದರೆ ಎಂಥವರಿಗೂ ಅನುಮಾನ ಬರುತ್ತಿರಲಿಲ್ಲ. ಒಂದು ಸಲ ನನ್ನ ಭಾವಮೈದ ಗೋಳಾಡುತ್ತ ಓಡಿಬಂದ. ಹೆಣದ ಕಾಲಿನ ಎರಡೂ ಹೆಬ್ಬೆಟ್ಟು ಸೇರಿಸಿ ಕಟ್ಟುತ್ತಾರಲ್ಲ, ಹಾಗೆ ಕಟ್ಟಲು ಬಟ್ಟೆ ಹರಿದುಕೊಂಡು ಕಾಲ ಬಳಿ ಕೂತ. ಕಟ್ಟಲಿ ಎಂದು ಬಿಟ್ಟೆ. ಗಂಟು ಬಿಗಿಯುವ ಹೊತ್ತಿಗೆ ಹೆಬ್ಬೆಟ್ಟು ಅಲ್ಲಾಡಿಸಿದೆ. ಕಿರುಚಿಕೊಂಡು ಓಡಿದವನು ಕೆರೆ ಏರಿ ದಾಟಿದ ಮೇಲೆಯೇ ನಿಂತದ್ದು. ನನ್ನ ಹೆಂಡತಿ ಹನುಮಕ್ಕನಿಗಂತೂ ರೂಢಿಯಾಗಿಹೋಗಿತ್ತು. ನಾನು ಸತ್ತು ಬಿದ್ದಿದ್ದರೆ ದಾಟಿಕೊಂಡು ಹೋಗಿ ಬಟ್ಟೆ ಒಣಹಾಕುತ್ತಿದ್ದಳು.

ಸಿಂಚು ತೀರಾ ಚಿಕ್ಕವಳಿದ್ದಾಗ ಒಮ್ಮೆ ಹೀಗೆ ಸತ್ತೆ. ಮಗು ಬಂದು ನನ್ನ ಎದೆಯ ಮೇಲೆ ಬಿದ್ದು, ಅಳಲೂ ಆಗದೆ ಉಸಿರು ಕಟ್ಟಿ ನಡುಗಿತು. ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ನನ್ನ ವಿದ್ಯೆಯ ಗುಟ್ಟನ್ನು ಅವಳೊಬ್ಬಳಿಗೆ ಹೇಳಿಕೊಟ್ಟೆ. "ನೋಡು ಪುಟ್ಟಿ, ತಾತ ಬಿದ್ದಿದ್ರೆ ಮಕ ನೋಡ್ಬೇಡ. ಕಾಲ್ ನೋಡು. ಹೆಬ್ಬೆಟ್ಟು ಅಲ್ಲಾಡ್ತಿದ್ರೆ ತಾತ ಇಲ್ಲೇ ಐತೆ ಅಂತ. ಇದು ನಂಗೆ ನಿಂಗೆ ಬುಟ್ಟು ಇನ್ಯಾರ್ಗೂ ಗೊತ್ತಿರ್ಬಾರ್ದು." ಆಮೇಲೆ ನಾನು ಎಷ್ಟು ಸತ್ತರೂ ಅವಳು ಅಳಲಿಲ್ಲ. ಎಲ್ಲರಿಗಿಂತ ಜೋರಾಗಿ ಸುಳ್ಳು ಗೋಳಾಡುತ್ತ ನನಗೆ ಜೊತೆ ಕೊಟ್ಟಳು. ಅಂಥ ಶಿಷ್ಯೆ.

ಮೊದಲ ಸಲ ತೋಳು ಮುರಿದಾಗ ಅವಳು ನಾಲ್ಕನೇ ಕ್ಲಾಸು. ನಮ್ಮ ಮನೆ ಎದುರಿನ ಹುಣಸೆಮರಕ್ಕೆ ಕಲ್ಲು ಹೊಡೆಯುತ್ತಿದ್ದಳು. ಬೀಳಲಿಲ್ಲ, ಎಡವಲಿಲ್ಲ. ಕಲ್ಲು ಬೀಸಿದಳು, ಬೀಸಿದ ಕೈ ಹಾಗೇ ಜೋತುಬಿತ್ತು. "ತಾತಾ" ಎಂದಳು. ಆ ಧ್ವನಿಯಲ್ಲಿ ಆಟವಿರಲಿಲ್ಲ.

ನನ್ನ ಮಗ ರಂಗನಾಥ ಶಿರಾದಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಅಲ್ಲೇ ಹತ್ತಿರ ಒಂದು ಕಡೆ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಡಾಕ್ಟರು ಸುಮ್ಮನೆ ನೋಡುತ್ತ ನಿಂತ ಹೊತ್ತಿದೆಯಲ್ಲ, ಅದಕ್ಕಿಂತ ಉದ್ದದ ಹೊತ್ತನ್ನು ನಾನು ಕಂಡಿಲ್ಲ. ತೋಳಿನ ಮೇಲ್ಭಾಗದಲ್ಲಿ ಮೂಳೆ ಉಬ್ಬಿಕೊಂಡಿತ್ತು, ಒಳಗೆ ಕಪ್ಪಗೆ ಖಾಲಿ. ಅಂಚು ಮೊಟ್ಟೆಯ ಚಿಪ್ಪಿನಷ್ಟು ತೆಳು. "ಇಲ್ಲೊಂದು ನೀರಿನ ಗುಳ್ಳೆ ಥರ ಇದೆ. ಅದಕ್ಕೇ ಇಷ್ಟು ಸುಲಭವಾಗಿ ಮುರಿದಿದೆ" ಎಂದರು.

ಸೊಸೆ ಲತಾ ಪಾವಗಡದ ಹುಡುಗಿ. ಮನೆಯಲ್ಲಿ ಅಚ್ಚಗನ್ನಡ ಆಡುತ್ತಾಳೆ, ಹೆದರಿಕೆಯಾದರೆ ಮಾತ್ರ ತವರಿನ ತೆಲುಗು ಹೊರಗೆ ಬರುತ್ತದೆ. "ಅಯ್ಯೋ ದೇವುಡಾ" ಎಂದವಳು, ಮುಂದಿನ ಪದವನ್ನು ಬಾಯಿಂದ ಆಡಲಾರದೆ ಡಾಕ್ಟರ ಮುಖ ನೋಡಿದಳು.

"ಕ್ಯಾನ್ಸರ್ ಥರ ಕಾಣ್ತಿಲ್ಲಮ್ಮ. ಮಕ್ಕಳಲ್ಲಿ ಹೀಗಾಗೋದುಂಟು. ಆದ್ರೂ ಸ್ಕ್ಯಾನ್ ಮಾಡಿಸಿ, ಮಕ್ಕಳ ಮೂಳೆ ನೋಡೋರ ಹತ್ರ ತೋರಿಸಿ" ಎಂದರು ಅವರು.

ಕಾಣುತ್ತಿಲ್ಲ ಎಂದದ್ದನ್ನು ನಾವು ಯಾರೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿದ್ದು ಆ ಒಂದೇ ಪದ. ಸ್ಕ್ಯಾನಿನ ರಿಪೋರ್ಟು ಬರುವವರೆಗೆ ಮನೆಯಲ್ಲಿ ಯಾರೂ ಅದನ್ನು ಉಚ್ಚರಿಸಲಿಲ್ಲ. ಅನ್ನ ಬಡಿಸುವಾಗ, ಬಚ್ಚಲಿಗೆ ನೀರು ತೋಡುವಾಗ, ಎಲ್ಲ ಕಡೆ ಅದು ನಮ್ಮ ನಡುವೆ ಕೂತಿರುತ್ತಿತ್ತು. ರಂಗ ಅಂಗಡಿಯಿಂದ ಬಂದವನು ಮಗಳ ತಲೆ ಸವರಿ ಹಿತ್ತಲಿಗೆ ಹೋಗಿ ಸುಮ್ಮನೆ ನಿಂತುಬಿಡುತ್ತಿದ್ದ. ನಾನು? ನಾನು ತಮಾಷೆ ಮಾಡುತ್ತಿದ್ದೆ. ನನಗೆ ಬೇರೆ ಏನು ಬರುತ್ತದೆ?

ತುಮಕೂರಿನ ಆಸ್ಪತ್ರೆಯ ಡಾಕ್ಟರಮ್ಮ ವಯಸ್ಸಿನಲ್ಲಿ ನನ್ನ ಸೊಸೆಗಿಂತ ಸ್ವಲ್ಪ ದೊಡ್ಡವರಿರಬಹುದು. ಸ್ಕ್ಯಾನ್ ನೋಡಿ, ಕುರ್ಚಿಯನ್ನು ಸಿಂಚುವಿನ ಕಡೆಗೇ ತಿರುಗಿಸಿಕೊಂಡು ಮಾತಾಡಿದರು. "ಇದು ಕೆಟ್ಟ ಗೆಡ್ಡೆ ಅಲ್ಲ. ನಿನ್ನ ಮೂಳೆ ಒಳಗೆ ಒಂದು ಪುಟ್ಟ ನೀರಿನ ಚೀಲ ಇದೆ. ಮುರಿದ ಮೂಳೆ ಕೂಡುವಾಗ ಕೆಲವು ಸಲ ಅದೂ ತಾನಾಗೇ ತುಂಬಿಕೊಳ್ಳುತ್ತೆ. ಸ್ವಲ್ಪ ಕಾಯೋಣ, ಆಯ್ತಾ?"

ನನ್ನ ಎದೆಯಿಂದ ಎಂಥದೋ ಇಳಿಯಿತು. ತಕ್ಷಣ ನಾಲಿಗೆಯೂ ಬಿಚ್ಚಿಕೊಂಡಿತು. "ನಮ್ ತಾಲ್ಲೂಕ್ನಾಗೆ ಎಲ್ಲೂ ನೀರಿಲ್ಲ ಕಣಮ್ಮ. ನಮ್ ಮಗಿನ್ ಕೈಯಾಗೆ ಸಿಕ್ಕೈತೆ ಅಂದ್ರೆ ಪಂಚಾಯ್ತಿಯೋರು ಪೈಪ್ ತಕಂಡ್ ಬಂದ್ಬುಡ್ತಾರೆ, ಹುಷಾರು" ಎಂದೆ. ಡಾಕ್ಟರಮ್ಮ ನಕ್ಕರು. ಸಿಂಚುವೂ ನಕ್ಕಳು. ಆ ನಗುವನ್ನು ನೆನಪಿಟ್ಟುಕೊಳ್ಳಿ, ಅದಾದ ಮೇಲೆ ಬಹಳ ಕಾಲ ನಗು ಬರಲಿಲ್ಲ.

ಕತ್ತಿನಿಂದ ಕೈಯನ್ನು ತೂಗುಹಾಕುವ ಪಟ್ಟಿ ಕಟ್ಟಿಕೊಂಡು ದಿನ ಕಳೆದೆವು. ಮುರಿದದ್ದು ಕೂಡಿತು. ಪಟ್ಟಿ ಬಿಚ್ಚಿದರು. ಒಳಗಿನ ಖಾಲಿ ಮಾತ್ರ ಖಾಲಿಯಾಗಿಯೇ ಉಳಿಯಿತು. ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದವಳು ಒದ್ದೆ ಟವೆಲನ್ನು ತಂತಿಯ ಮೇಲೆ ಎಸೆದಳು, ಅಷ್ಟೇ. ಮತ್ತೆ ಅದೇ ಜಾಗದಲ್ಲಿ ಮುರಿಯಿತು.

ಎರಡನೇ ಸಲ ಮುರಿದದ್ದು ತೋಳು ಮಾತ್ರವಲ್ಲ. ಮೊದಲ ಸಲ ಅವಳಿಗೆ ಅದೊಂದು ಕಥೆಯಾಗಿತ್ತು, ಸ್ಕೂಲಿನಲ್ಲಿ ಹೇಳಿಕೊಳ್ಳಲು ಚೆನ್ನಾಗಿತ್ತು. ಈ ಸಲ ತನ್ನ ಮೈಯನ್ನೇ ನಂಬದಂತಾದಳು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು, ಗೋಡೆ ಪಕ್ಕದಲ್ಲೇ ನಡೆಯುತ್ತಿದ್ದಳು. ಯಾರಾದರೂ ಹತ್ತಿರ ಬಂದರೆ ಮೈ ಸರಿಸುತ್ತಿದ್ದಳು. ಒಂದು ದಿನ ನನ್ನ ಪಕ್ಕ ಕೂತು ಕೇಳಿದಳು, "ತಾತ, ನನ್ ಕೈ ಒಳ್ಗೆ ಏನೂ ಇಲ್ವಾ?"

"ಯಾರಂದಿದ್ದು? ನೀರೈತಲ್ಲ."

"ನೀರು ಗಟ್ಟಿ ಇರಲ್ವಲ್ಲ" ಎಂದಳು.

ತೆಂಗಿನಕಾಯಿ ತಂದು, ಅಂಗೈ ಮೇಲೆ ಮಲಗಿಸಿಕೊಂಡು, ಅವಳ ತೋಳಿನ ಸುತ್ತ ಗಂಭೀರವಾಗಿ ಸುಳಿದಾಡಿದೆ. ತೋಳಿನ ಹತ್ತಿರ ಬಂದಾಗ ಕಾಯಿಯನ್ನು ಎಬ್ಬಿಸಿ ನಿಲ್ಲಿಸಿ, "ಸಿಕ್ತು! ಕರೀರ್ಲಾ ಲಾರಿನಾ!" ಎಂದು ಕೂಗಿದೆ. ಮೊದಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದ ಮಗು, "ಕಾಯಿ ಬಿದ್ದ್ಬುಟ್ರೆ ಕೈಗ್ ತಗಲ್ತದೆ ತಾತ" ಎಂದು ಎದ್ದು ಒಳಗೆ ಹೋಯಿತು.

ನೆಂಟರು ಸುಮ್ಮನಿರುತ್ತಾರೆಯೇ? ನನ್ನ ತಂಗಿ ಸಿದ್ದರಬೆಟ್ಟಕ್ಕೆ ಹೋಗಿ ಯಾವುದೋ ಬೇರು ತಂದು ದಾರದಲ್ಲಿ ಕಟ್ಟಿದಳು. ಬೀಗರು ಪಟ್ಟನಾಯಕನಹಳ್ಳಿ ಮಠದಿಂದ ವಿಭೂತಿ ತಂದರು, ಜೊತೆಗೊಂದು ದಾರ. ರಂಗನ ಅಂಗಡಿಯ ಪಕ್ಕದ ಪಂಕ್ಚರ್ ಅಂಗಡಿಯ ಮಾಬುಸಾಬಿ, "ಬೇಟಿ, ಇದೂ ಇರ್ಲಿ" ಎಂದು ದರ್ಗಾದ ಹಸಿರು ದಾರ ಕಟ್ಟಿ ಹೋದ. ನಮ್ಮ ಸಿಂಚುವಿನ ಬಲ ಮಣಿಕಟ್ಟಿನಲ್ಲಿ ಸರ್ವಧರ್ಮ ಸಮ್ಮೇಳನವೇ ನಡೆಯುತ್ತಿತ್ತು. ಬೇರೆಯವರು ನಗಬಹುದು. ಕೊಡುವುದಕ್ಕೆ ಬೇರೇನೂ ಇಲ್ಲದವರು ದಾರ ಕಟ್ಟುತ್ತಾರೆ. ಒಂದನ್ನೂ ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ.

ಡಾಕ್ಟರಮ್ಮ ಈ ಸಲ ಕಾಯೋಣ ಎನ್ನಲಿಲ್ಲ. "ಆಪರೇಷನ್ ಮಾಡೋಣ. ಒಳಗಿನ ನೀರು ತೆಗೆದು, ಪೊರೆಯನ್ನ ಕೆರೆದು ಸ್ವಚ್ಛ ಮಾಡಿ, ಅವಳ ಸೊಂಟದ ಮೂಳೆಯಿಂದಲೇ ಸ್ವಲ್ಪ ಚೂರು ತೆಗೆದು ಆ ಜಾಗಕ್ಕೆ ತುಂಬ್ತೀವಿ. ಮತ್ತೆ ಮುರೀದೇ ಇರೋಕೆ ಒಳಗೆ ತೆಳ್ಳಗೆ ಒಂದು ಕಂಬಿ" ಎಂದರು.

"ಮಗಿನ್ ಸೊಂಟ ಯಾಕಮ್ಮ ಕೆರೀತೀರಾ? ನಂದ್ ತಕಳಿ. ರಾಗಿ ಮುದ್ದೆ ತಿಂದ್ ಬೆಳ್ದಿರೋ ಮೂಳೆ, ಬಂಡೆ ಇದ್ದಂಗೈತೆ" ಎಂದೆ. ತಮಾಷೆಗೆ ಹೇಳಿದ್ದಲ್ಲ. ತಮಾಷೆಯ ಧಾಟಿಯಲ್ಲಿ ಹೇಳಿದೆ, ಅಷ್ಟೇ.

"ನಿಮ್ದು ಹಳೇ ಸ್ಟಾಕು ತಾತ. ಅವಳದೇ ಅವಳಿಗೆ ಒಳ್ಳೇದು" ಎಂದರು ಡಾಕ್ಟರಮ್ಮ. ಹಾಗೆನ್ನುವಾಗ ನನ್ನ ಮುಂಗೈಯನ್ನು ಒಮ್ಮೆ ಮುಟ್ಟಿದರು. ಅರ್ಥವಾಗಿತ್ತು ಅವರಿಗೆ.

ಆಪರೇಷನ್ನಿಗೆ ಅವರು ಕೊಟ್ಟ ದಿನ ಕೇಳಿ ಹನುಮಕ್ಕ ಎದ್ದು ನಿಂತಳು. ಯುಗಾದಿಯ ಮಾರನೇ ದಿನ. ವರ್ಷದ ತೊಡಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ. ಅವತ್ತು ಯಾರೂ ಮಕ್ಕಳನ್ನು ಹೊಡೆಯುವುದಿಲ್ಲ, ಗಂಡ ಹೆಂಡತಿ ಜಗಳವಾಡುವುದಿಲ್ಲ. ಮನೆ ಮನೆಯಲ್ಲಿ ಬಾಡೂಟ, ಹೊಟ್ಟೆ ತುಂಬ ತಿಂದು ನಗುನಗುತ್ತ ಇರಬೇಕು. ಅಂಥ ದಿನ ಮಗುವನ್ನು ಬೆಳಿಗ್ಗೆಯಿಂದ ಉಪವಾಸ ಇಟ್ಟು, ಮೈಗೆ ಕತ್ತಿ ಹಾಕಿಸುವುದು!

"ಬ್ಯಾಡ ಕಣವ್ವ" ಎಂದಳು ಹನುಮಕ್ಕ ಡಾಕ್ಟರಿಗೆ. "ತೊಡಕಿನ್ ದಿನ ಆಸ್ಪತ್ರೆಲಿದ್ರೆ ವರ್ಸೆಲ್ಲಾ ಆಸ್ಪತ್ರೇನೇ ಆಗೋಯ್ತದೆ. ಬ್ಯಾರೆ ದಿನ ಕೊಡು."

ಬೇರೆ ದಿನ ಬಹಳ ಮುಂದಿತ್ತು. ಅಷ್ಟರಲ್ಲಿ ಮೂರನೇ ಸಲ ಮುರಿದರೆ? ರಂಗ ಬೇಡಿಕೊಂಡ, ಲತಾ ಅತ್ತಳು. ಆಸ್ಪತ್ರೆ ಎದುರಿನ ಕಾಫಿ ಅಂಗಡಿಯ ಬೆಂಚಿನ ಮೇಲೆ ಹನುಮಕ್ಕನನ್ನು ಕೂರಿಸಿಕೊಂಡು ನಾನು ವಾದ ಶುರು ಮಾಡಿದೆ.

"ಅವತ್ತು ಮೂಳೆ ಕೂಡ್ಸ್ತಾರೆ ಕಣೆ. ವರ್ಸೆಲ್ಲಾ ಕೂಡ್ಕತಾನೇ ಓಯ್ತದೆ. ಲೆಕ್ಕ ಸರಿಯಾಗ್ ಹಾಕು."

"ಹೊಟ್ಟೆಗಿಲ್ದಂಗೆ ಇರ್ತದಲ್ಲ?"

"ಹುಷಾರಾದ್ಮೇಲೆ ತಿಂತದೆ."

"ಅಳ್ತದಲ್ಲ ಮಗಾ?"

"ನಗಿಸ್ತೀನಿ. ಇಡೀ ಸೀಮೆ ನಗ್ಸಿರೋ ಈರಣ್ಣ ನಾನು. ನನ್ ಮೊಮ್ಮಗ್ಳ ನಗ್ಸಕ್ಕಾಗಲ್ವಾ?"

ಹನುಮಕ್ಕ ನನ್ನನ್ನೇ ನೋಡಿದಳು. ಅವಳು ಅಷ್ಟು ದಿನದಿಂದ ಗಮನಿಸುತ್ತಿದ್ದಳು, ನನ್ನ ಒಂದು ಆಟವೂ ಮಗುವಿನ ಹತ್ತಿರ ನಡೆದಿರಲಿಲ್ಲ. "ಆಯ್ತು" ಎಂದಳು. "ಅವತ್ತು ಹೊತ್ತು ಮುಳುಗೋದ್ರೊಳ್ಗೆ ಮಗಾ ಒಂದ್ಸಲ ಬಾಯ್ ಬುಟ್ಟು ನಗ್ಬೇಕು. ನಾನ್ ಕಣ್ಣಾರೆ ನೋಡ್ಬೇಕು. ಇಲ್ಲಾಂದ್ರೆ ಈ ಜನ್ಮದಾಗೆ ನಿನ್ ಮಾತ್ ಕೇಳಲ್ಲ."

"ನೀನ್ ಯಾವತ್ ಕೇಳಿದ್ದೆ?" ಎಂದೆ. ನಾನು ಮೂಢನಂಬಿಕೆಯವನಲ್ಲ. ತೊಡಕು ಗೀಡಕು ಎಂದರೆ ನಗುವವನು. ಆದರೂ ಅವತ್ತಿನಿಂದ ನನಗೂ ಅದೇ ಹಿಡಿಯಿತು. ಆ ದಿನ ಮಗು ನಗದಿದ್ದರೆ? ವರ್ಷವೆಲ್ಲ ಈ ಗೋಡೆ ಪಕ್ಕದ ನಡಿಗೆಯೇ ಆಗಿಬಿಟ್ಟರೆ?

ಯುಗಾದಿ ದಿನ ಬೇವುಬೆಲ್ಲ ತಿಂದು, ಹೋಳಿಗೆ ಊಟ ಮುಗಿಸಿ, ಸಂಜೆಗೆ ಆಸ್ಪತ್ರೆ ಸೇರಿದೆವು.

ತೊಡಕಿನ ಬೆಳಿಗ್ಗೆ ನಾನು ಅಖಾಡಕ್ಕಿಳಿದೆ. ಹಲ್ಲುಸೆಟ್ಟು ತೆಗೆದು ಅಂಗೈಯಲ್ಲಿ ಹಿಡಿದು ಅದರಿಂದಲೇ ಮಾತಾಡಿಸಿದೆ. ಆಸ್ಪತ್ರೆಯ ಬೆಡ್‌ಶೀಟ್ ಸುತ್ತಿಕೊಂಡು ನಮ್ಮೂರ ಚೇರ್ಮನ್ನನ ಹಾಗೆ ಹೊಟ್ಟೆ ಮುಂದೆ ಬಿಟ್ಟುಕೊಂಡು ನಡೆದೆ. ಪಕ್ಕದ ಹಾಸಿಗೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಪಾವಗಡದ ಮಗು ನಕ್ಕು ನಕ್ಕು ಬಿಕ್ಕಳಿಸಿತು. ಅದರ ವರ್ಷ ಚೆನ್ನಾಗಿರುತ್ತದೆ, ಬಿಡಿ. ನನ್ನ ಮೊಮ್ಮಗಳು ಕಿಟಕಿ ನೋಡುತ್ತಿದ್ದಳು.

"ತಾತ, ನಿದ್ದೆ ಇಂಜೆಕ್ಷನ್ ಕೊಟ್ರೆ ನಂಗೇನೂ ಗೊತ್ತಾಗಲ್ವಾ?"

"ಏನೂ ಗೊತ್ತಾಗಲ್ಲ ಕಣವ್ವ."

"ನೀನ್ ಎಲ್ಲಿರ್ತೀಯಾ?"

"ಬಾಗಿಲ್ ಹತ್ರನೇ. ಕದಲಲ್ಲ."

ನರ್ಸಮ್ಮ ಕತ್ತರಿ ಹಿಡಿದು ಬಂದರು, ಕೈಯ ದಾರಗಳನ್ನೆಲ್ಲ ತೆಗೆಯಬೇಕಂತೆ. ಸಿಂಚು ಎಡಗೈಯಿಂದ ಮಣಿಕಟ್ಟು ಮುಚ್ಚಿಕೊಂಡಳು. ನರ್ಸಮ್ಮ ಬಹಳ ಒಳ್ಳೆಯವರು, ಗದರಲಿಲ್ಲ. "ಬಿಸಾಕಲ್ಲ ಪುಟ್ಟಿ. ಯಾರ ಕೈಗೆ ಕಟ್ಲಿ, ನೀನೇ ಹೇಳು" ಎಂದರು. ಸಿಂಚು ನನ್ನನ್ನು ತೋರಿಸಿದಳು. ಬೇರು, ವಿಭೂತಿ ಗಂಟು, ಹಸಿರು ದಾರ, ಎಲ್ಲ ನನ್ನ ಮಣಿಕಟ್ಟಿಗೆ ಬಂದವು.

ಆಮೇಲೆ ಸೂಜಿ. ಎಡಗೈಯ ನರ ಸಿಗಲಿಲ್ಲ, ಇನ್ನೊಂದು ಕಡೆ ಚುಚ್ಚಿದರು. ಮಗು ಅಳಲಿಲ್ಲ. ತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿತ್ತು. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಪ್ಲಾಸ್ಟಿಕ್ ಕೊಳವೆಯಲ್ಲಿ ಅವಳ ರಕ್ತ ಒಂದು ಎಳೆಯಷ್ಟು ಹಿಂದಕ್ಕೆ ಬಂತು. ಅದನ್ನು ನೋಡಿದ್ದು ನೆನಪಿದೆ. ಮಗು ಉಪವಾಸ ಇರುವಾಗ ನಮಗೆಂಥ ತಿಂಡಿ ಎಂದು ನಾನೂ ಏನೂ ತಿಂದಿರಲಿಲ್ಲ. ಕಿಟಕಿ ವಾಲಿತು, ಫ್ಯಾನು ಕೆಳಗಿಳಿಯಿತು.

ಮುಂದಿನದು ಲತಾ ಹೇಳಿದ್ದು. ನಾನು ಧೊಪ್ಪನೆ ನೆಲಕ್ಕೆ ಬಿದ್ದೆ. ರಂಗ, "ಅಪ್ಪ, ಇದು ಆಸ್ಪತ್ರೆ, ಎದ್ದೇಳಪ್ಪ ಮಾನ ಕಳೀಬ್ಯಾಡ" ಎಂದನಂತೆ. ಹನುಮಕ್ಕ, "ಬಿದ್ದಿರ್ಲಿ ಬುಡು, ನೆಲ ತಣ್ಣಗೈತೆ" ಎಂದಳಂತೆ. ಸೂಜಿಗೆ ಪಟ್ಟಿ ಅಂಟಿಸುತ್ತಿದ್ದ ನರ್ಸಮ್ಮ ಇವರ ಮಾತು ಕೇಳಿ ಏನೂ ತೋಚದೆ ನಿಂತರಂತೆ. ಸಿಂಚು ಮಾತ್ರ ಹಾಸಿಗೆಯಿಂದ ಬಗ್ಗಿ ಕೆಳಗೆ ನೋಡಿದಳು. ನನ್ನ ಮುಖದ ಕಡೆಗಲ್ಲ, ಕಾಲ ಕಡೆಗೆ. ನೋಡಿ ಕಿರುಚಿದಳು, "ಇದು ನಾಟ್ಕ ಅಲ್ಲ! ಸಿಸ್ಟರ್, ನಾಟ್ಕ ಅಲ್ಲ, ನಮ್ ತಾತನ್ನ ನೋಡಿ!"

ನರ್ಸಮ್ಮ ನನ್ನ ಕಾಲು ಎತ್ತಿಹಿಡಿದು, ಮುಖಕ್ಕೆ ನೀರು ಚಿಮುಕಿಸಿದರು. ಕಣ್ಣು ಬಿಟ್ಟಾಗ ಖಾಲಿ ಹಾಸಿಗೆಯೊಂದರ ಮೇಲೆ ಮಲಗಿದ್ದೆ. ರಂಗ ಬೆವರುತ್ತಿದ್ದ. ಸುತ್ತ ಇಷ್ಟೊಂದು ಮುಖ! ಬಾಯಿಗೆ ಬಂದದ್ದು ಒಂದೇ, "ಹೆಂಗೆ? ಹೆದ್ರಿಸ್ಬುಟ್ನಾ?"

"ಥೂ, ನಿನ್ನಂಥ ಅಪ್ಪನ್ನ ಕಟ್ಕೊಂಡು" ಎಂದ ರಂಗ. ಮಗುವನ್ನೂ ಯಾಮಾರಿಸಿದೆನೆಂದು ಮನೆಯವರೆಲ್ಲ ಬೈದರು, ನಂಬಿದರು. ನನ್ನ ಮರ್ಯಾದೆ ಉಳಿಯಿತು.

ಆದರೆ ಎದುರಿನ ಹಾಸಿಗೆ ಖಾಲಿಯಿತ್ತು. ಸಿಂಚುವನ್ನು ಆಗಲೇ ಒಳಗೆ ಕರೆದುಕೊಂಡು ಹೋಗಿದ್ದರು. ಬಾಗಿಲ ಹತ್ತಿರವೇ ಇರುತ್ತೇನೆ, ಕದಲುವುದಿಲ್ಲ ಎಂದಿದ್ದ ತಾತ, ಅವಳು ಬಾಗಿಲು ದಾಟುವಾಗ ಕಣ್ಣು ಮುಚ್ಚಿ ಬಿದ್ದಿದ್ದ.

ಆಪರೇಷನ್ ಕೋಣೆಯ ಹೊರಗೆ ಉಕ್ಕಿನ ಕುರ್ಚಿಗಳ ಸಾಲು. ಅಲ್ಲಿ ಕೂತವರು ಯಾರೂ ಒಬ್ಬರನ್ನೊಬ್ಬರು ನೋಡುವುದಿಲ್ಲ, ಎಲ್ಲರೂ ಆ ಬಾಗಿಲನ್ನೇ ನೋಡುತ್ತಾರೆ. ಬಾಗಿಲು ತೆರೆದಾಗಲೆಲ್ಲ ಎಲ್ಲರೂ ಏಳುತ್ತಾರೆ, ಒಬ್ಬರ ಹೆಸರು ಕೂಗುತ್ತಾರೆ, ಉಳಿದವರು ಕೂರುತ್ತಾರೆ. ಲತಾ ತೆಲುಗಿನಲ್ಲಿ ಏನೋ ಪಿಸುಗುಡುತ್ತಿದ್ದಳು. ರಂಗ ಕೈಯ ಗ್ರೀಸಿನ ಕಲೆಯನ್ನು ಉಗುರಿನಿಂದ ಕೆರೆಯುತ್ತಲೇ ಇದ್ದ, ಒಳಗೆ ಕೆರೆಯುತ್ತಿರುವ ಡಾಕ್ಟರಿಗೆ ತಾನೂ ಕೈಜೋಡಿಸಿದವನಂತೆ.

ಹನುಮಕ್ಕ ನನ್ನ ಪಕ್ಕ ಬಂದು ಕೂತು, ಸೆರಗಿನೊಳಗಿಂದ ಒಂದು ಬಾಳೆಹಣ್ಣು ತೆಗೆದು ಸುಲಿದು ನನ್ನ ಕೈಗಿಟ್ಟಳು.

"ಬ್ಯಾಡ ಬುಡೆ."

"ತಿನ್ನು. ನಾಟ್ಕ ಮಾಡಿ ಸುಸ್ತಾಗಿರ್ತದೆ" ಎಂದಳು. ನನ್ನ ಮುಖ ನೋಡಲಿಲ್ಲ. ನನ್ನ ಮಣಿಕಟ್ಟಿನ ದಾರಗಳು ಸಿಕ್ಕುಗಟ್ಟಿಕೊಂಡಿದ್ದವು, ಅವನ್ನು ಒಂದೊಂದಾಗಿ ಬಿಡಿಸುತ್ತ ಕೂತಳು. ನಾನು ಎಲ್ಲರಿಗೂ ಮೋಸ ಮಾಡಿದ್ದೇನೆ ಎಂದುಕೊಂಡಿದ್ದೆ. ಆ ಹೆಂಗಸಿಗೆ ಮಗು ಕಿರುಚಿದಾಗಲೇ ಗೊತ್ತಾಗಿತ್ತು ಎಂದು ಕಾಣುತ್ತದೆ. ಹಣ್ಣು ತಿಂದೆ.

ಡಾಕ್ಟರಮ್ಮ ಹೊರಗೆ ಬಂದಾಗ ತಲೆಯ ಹಸಿರು ಟೋಪಿ ಇನ್ನೂ ಇತ್ತು. "ಚೆನ್ನಾಗಾಯ್ತು. ತಿಳಿ ಹಳದಿ ನೀರಿತ್ತು, ತೆಗೆದ್ವಿ. ಕೆರೆದು ತುಂಬಿದ್ದೀವಿ, ಕಂಬಿ ಹಾಕಿದ್ದೀವಿ. ಪೊರೆಯನ್ನ ಪರೀಕ್ಷೆಗೆ ಕಳಿಸ್ತೀವಿ, ಅದು ಪದ್ಧತಿ, ಗಾಬರಿ ಬೇಡ" ಎಂದರು.

ರಂಗ ಆ ಉಕ್ಕಿನ ಕುರ್ಚಿಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಲತಾ ಡಾಕ್ಟರ ಕಾಲಿಗೆ ಬೀಳಲು ಹೋದಳು, ಅವರು ಹಿಡಿದು ನಿಲ್ಲಿಸಿದರು. ನಾನು "ಬೋರು ಸಕ್ಸಸ್ಸು" ಎನ್ನಬೇಕೆಂದಿದ್ದೆ. ಬದಲಿಗೆ ಕೈಮುಗಿದೆ.

ಹನುಮಕ್ಕ ಕಾರಿಡಾರಿನ ಕಿಟಕಿಯ ಕಡೆ ನೋಡುತ್ತಿದ್ದಳು. ಬಿಸಿಲು ಓರೆಯಾಗಿತ್ತು.

ಸಿಂಚುವನ್ನು ವಾರ್ಡಿಗೆ ತಂದಾಗ ಗೋಡೆಯ ಮೇಲೆ ಅಂಗೈಯಗಲ ಬಿಸಿಲು ಉಳಿದಿತ್ತು. ತೋಳಿಗೆ ದಪ್ಪ ಬ್ಯಾಂಡೇಜು, ಸೊಂಟದ ಹತ್ತಿರ ಇನ್ನೊಂದು, ತುಟಿ ಒಣಗಿತ್ತು. "ಆಗಲೇ ಎಚ್ಚರ ಆಗಿದೆ, ಮಂಪರಿರುತ್ತೆ ಅಷ್ಟೇ, ಮಾತಾಡಿಸಿ" ಎಂದು ಹೇಳಿ ನರ್ಸಮ್ಮ ಅತ್ತ ಹೋದರು.

"ಸಿಂಚು" ಎಂದಳು ಲತಾ. ಮಗು ಕಣ್ಣು ತೆರೆಯಲಿಲ್ಲ. "ಬಂಗಾರು, ಅಮ್ಮ ಕಣೆ." ಇಲ್ಲ. ರಂಗ ಕೆನ್ನೆ ಮುಟ್ಟಿದ. ಇಲ್ಲ. ಹನುಮಕ್ಕ ಹಾಸಿಗೆಯ ಕಬ್ಬಿಣ ಹಿಡಿದು ನಿಂತಳು.

ನಾನು ಬಗ್ಗಿ, "ಪುಟ್ಟಿ, ತಾತ ಬಂದೈತೆ" ಎಂದೆ. ಎಂಥ ಉಸಿರೂ ಕಾಣಲಿಲ್ಲ ನನಗೆ. ಮೂಗಿನ ಹತ್ತಿರ ಹಿಡಿಯಲು ಬೆರಳು ಚಾಚಿದೆ. ಇಷ್ಟು ವರ್ಷ ನಾನು ಸತ್ತಾಗಲೆಲ್ಲ ಎದುರು ನಿಂತವರಿಗೆ ಹೀಗಾಗುತ್ತಿತ್ತೇ?

ಆಗ ಹೊದಿಕೆಯ ಆ ತುದಿಯಲ್ಲಿ ಏನೋ ಕದಲಿತು. ಬಿಳಿ ಬೆಡ್‌ಶೀಟಿನ ಹೊರಗೆ ಚಾಚಿದ್ದ ಪುಟ್ಟ ಪಾದ. ಅದರ ಹೆಬ್ಬೆಟ್ಟು ಒಮ್ಮೆ ಬಾಗಿತು, ನೆಟ್ಟಗಾಯಿತು. ಮತ್ತೆ ಬಾಗಿತು.

ಇಡೀ ಲೋಕದಲ್ಲಿ ಅದನ್ನು ಓದಲು ಬಲ್ಲವನು ನಾನೊಬ್ಬನೇ.

"ಕಳ್ಳಿ!" ಎಂದೆ. ಎಷ್ಟು ಜೋರಾಗಿ ಕೂಗಿದೆನೋ, ಪಾವಗಡದ ಮಗು ಎದ್ದು ಕೂತಿತು. ಸಿಂಚುವಿನ ಕಣ್ಣು ಇನ್ನೂ ಮುಚ್ಚಿಯೇ ಇತ್ತು, ತುಟಿಯ ಒಂದು ಮೂಲೆ ಮಾತ್ರ ಮೇಲೆದ್ದಿತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಬಾಯಿ ಬಿಟ್ಟು, ಬಿದ್ದ ಕೋರೆಹಲ್ಲಿನ ಸಂದು ಕಾಣುವ ಹಾಗೆ, ಮಂಪರಿನ ಒರಟು ಗಂಟಲಿನಲ್ಲಿ ನಕ್ಕಳು. ನಗುವಾಗ ನೋವಾಗಿ "ಆ" ಎಂದಳು, ಮತ್ತೆ ನಕ್ಕಳು.

ಹನುಮಕ್ಕ ಗೋಡೆಯ ಬಿಸಿಲನ್ನು ನೋಡಿದಳು. ಇತ್ತು, ಎರಡು ಬೆರಳಿನಷ್ಟು. ಸೆರಗಿನಿಂದ ಮುಖ ಒರೆಸಿಕೊಂಡು, "ಥೇಟು ತಾತನ ಹಾಳ್ ಬುದ್ಧಿ" ಎಂದಳು.

ನಾನು ಕಿವಿಯನ್ನು ಹತ್ತಿರ ತಂದಾಗ ಸಿಂಚು ಪಿಸುಗುಟ್ಟಿದಳು. "ನೀನ್ ಬಿದ್ದಾಗ ಅಲ್ಲಾಡ್ಲಿಲ್ಲ ಕಣ್ ತಾತ."

"ಯಾರ್ಗೂ ಹೇಳ್ಬ್ಯಾಡ."

"ಹೇಳಲ್ಲ" ಎಂದು ನಿದ್ದೆಹೋದಳು.

ಪರೀಕ್ಷೆಯ ರಿಪೋರ್ಟೂ ಚೆನ್ನಾಗೇ ಬಂತು. ಅದಾಗಿ ವರ್ಷ ಕಳೆದಿದೆ. ಎಕ್ಸ್‌ರೇಯಲ್ಲಿ ಮೊದಲು ಕಪ್ಪಗಿದ್ದ ಜಾಗಕ್ಕೆ ಬೆಳ್ಳಗೆ ಮೋಡ ತುಂಬಿಕೊಳ್ಳುತ್ತಿದೆ. ಒಂದು ಮೂಲೆಯಲ್ಲಿ ಸ್ವಲ್ಪ ಖಾಲಿ ಉಳಿದಿದೆ. ಅದು ತುಂಬಬಹುದು, ಮತ್ತೆ ದೊಡ್ಡದಾಗಲೂಬಹುದು, ಬೆಳೆಯುವ ತನಕ ನೋಡುತ್ತಿರಬೇಕು ಎನ್ನುತ್ತಾರೆ ಡಾಕ್ಟರಮ್ಮ. ಹಾಗಾಗಿ ತುಮಕೂರಿನ ಬಸ್ಸು ನಮಗೆ ತಪ್ಪಿಲ್ಲ. ಪ್ರತಿಸಲವೂ ಆ ಕವರು ತೆರೆಯುವ ಹೊತ್ತಿಗೆ ಅದೇ ಹಳೆಯ ಭಯ. ಅದರ ಜೊತೆಗೇ ಬದುಕುವುದನ್ನು ಕಲಿತಿದ್ದೇವೆ, ನೀವೂ ಕಲಿಯುತ್ತೀರಿ.

ಹನುಮಕ್ಕನ ತೊಡಕಿನ ಶಾಸ್ತ್ರ ಮಾತ್ರ ಅಕ್ಷರಶಃ ನಿಜವಾಯಿತು. ಆ ದಿನ ಸಿಂಚು ಏನು ಮಾಡಿದಳೋ ವರ್ಷವೆಲ್ಲ ಅದೇ. ನನ್ನ ಕಾಫಿಗೆ ಉಪ್ಪು, ಚಪ್ಪಲಿಯೊಳಗೆ ಹುಣಸೆಬೀಜ, ಹಲ್ಲುಸೆಟ್ಟು ಅಕ್ಕಿ ಡಬ್ಬದಲ್ಲಿ. ದೂರು ಹೇಳಿದರೆ ಹನುಮಕ್ಕ, "ನೀನೇ ಬೇಡ್ಕಂಡಿದ್ದಲ್ವಾ, ಅನುಭವ್ಸು" ಎನ್ನುತ್ತಾಳೆ.

ಸಿಂಚು ಬಲಗೈಯಲ್ಲಿ ಎಲ್ಲ ಕೆಲಸವನ್ನೂ ಮಾಡುತ್ತಿದ್ದಳು, ಕಲ್ಲು ಎಸೆಯುವುದೊಂದನ್ನು ಬಿಟ್ಟು. ಡಾಕ್ಟರಮ್ಮ ಆಟವಾಡಬಹುದು ಎಂದು ಹೇಳಿ ಬಹಳ ದಿನವಾದರೂ ಆ ಹುಣಸೆಮರದ ಕಡೆ ಹೋಗುತ್ತಿರಲಿಲ್ಲ. ನಾವೂ ಹೋಗೆನ್ನಲಿಲ್ಲ. ಕಳೆದ ವಾರ ನಾನು ಮರದ ಕೆಳಗೆ ಟವೆಲ್ ಹಾಸಿಕೊಂಡು ಕೂತಿದ್ದೆ. ಎಲ್ಲಿಂದಲೋ ಸುಂಯ್ ಎಂದು ಒಂದು ಕಲ್ಲು ಕೊಂಬೆಗೆ ಬಡಿದು, ಮಾಗಿದ ಹುಣಸೆಹಣ್ಣೊಂದು ನನ್ನ ಬೋಳುತಲೆಯ ಮೇಲೆ ಬಿತ್ತು. ತಿರುಗಿ ನೋಡಿದೆ. ಜಗುಲಿಯ ಹತ್ತಿರ ಸಿಂಚು, ಬೀಸಿದ ಬಲಗೈ ಇನ್ನೂ ಗಾಳಿಯಲ್ಲೇ ಇತ್ತು. ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಅದು ಗಟ್ಟಿಯಾಗಿ ನಿಂತಿತ್ತು.

ಇಂಥ ಅವಕಾಶ ಬಿಡುವವನಲ್ಲ ನಾನು. ತಲೆ ಹಿಡಿದುಕೊಂಡು, ಬಾಯಿ ಓರೆ ಮಾಡಿ, ಟವೆಲಿನ ಮೇಲೆ ಉರುಳಿ ಸತ್ತೆ.

ಓಡಿಬರುವ ಹೆಜ್ಜೆ ಸದ್ದು ಕೇಳಿತು. ರೆಪ್ಪೆಯ ಸಂದಿನಿಂದ ನೋಡಿದೆ. ನನ್ನ ಮುಖದ ಹತ್ತಿರ ಅವಳು ನಿಲ್ಲಲಿಲ್ಲ, ನೇರ ಕಾಲ ಬಳಿ ಹೋಗಿ ಕುಕ್ಕರುಗಾಲಿನಲ್ಲಿ ಕೂತಳು.

ಮೊದಲೆಲ್ಲ ಸ್ವಲ್ಪ ಹೊತ್ತು ಕಾಯಿಸುತ್ತಿದ್ದೆ. ಈಗ ಕಾಯಿಸುವುದಿಲ್ಲ. ಹೆಬ್ಬೆಟ್ಟು ಅಲ್ಲಾಡಿಸಿದೆ.